ಹೊಗೆಯೇ ಇಲ್ಲ

ಕೀಲಿ ತಿರುಗಿಸಿದೆ. ಟಕ್.
ಇನ್ನೊಮ್ಮೆ. ಟಕ್. ಅಷ್ಟೇ.
ಮೇ ತಿಂಗಳ ಮೊದಲ ಶನಿವಾರ, ಮಾರ್ಸ್ಟಾಲ್ ಬಂದರಿನಲ್ಲಿ
ಎಲ್ಲರ ದೋಣಿಗಳೂ ಗಂಟಲು ಸರಿಮಾಡಿಕೊಂಡು
ಕಲ್ಲಿನ ತಡೆಗೋಡೆ ದಾಟಿ ಹೋಗುತ್ತಿವೆ.
ನಮ್ಮ ಟೆರ್ನೆ ಮಾತ್ರ
ಜಪ್ಪಯ್ಯ ಅಂದರೂ ಜಗ್ಗುತ್ತಿಲ್ಲ.

ನಮ್ಮ ಅಂದೆನೇ? ಅರ್ಧ ನನ್ನದು.
ಇನ್ನರ್ಧ ಅಕ್ಕನದು. ಟೋವೆ
ಅಕ್ಟೋಬರಿನಿಂದ ಮಾತು ಬಿಟ್ಟಿದ್ದಾಳೆ.
ಹಾಯಿ, ಹಗ್ಗ, ಹಲಗೆ ಎಲ್ಲ ಮಾರಿಬಿಡೋಣ ಅಂದಳು,
ನಾನು ಒಲ್ಲೆನೆಂದೆ,
ಆಮೇಲೆ ಬಣ್ಣದ ಡಬ್ಬಿಗಳ ಲೆಕ್ಕ ಬಂತು,
ಆಮೇಲೆ ಅಮ್ಮನ ಬೆಳ್ಳಿ ಚಮಚಗಳ ಲೆಕ್ಕ.

ಮೊದಲು ಬ್ಯಾಟರಿ. ಅದರ ಕೊಂಬುಗಳ ಮೇಲೆ
ಹಸಿರು ಬಿಳಿ ಉಪ್ಪು ಹೂ ಬಿಟ್ಟಿತ್ತು.
ಮರಳುಕಾಗದದಲ್ಲಿ ಉಜ್ಜಿದೆ, ಬಿಗಿದೆ, ಕೀಲಿ ತಿರುಗಿಸಿದೆ:
ಸ್ಟಾರ್ಟರ್ ಗರಗರ ಸುತ್ತಿತು
ಕಾಳಿಲ್ಲದ ಬೀಸುಕಲ್ಲಿನ ಹಾಗೆ.
ಹತ್ತು ಸೆಕೆಂಡು. ಬಿಡುವು. ಮತ್ತೆ ಹತ್ತು.

ಪಕ್ಕದ ದೋಣಿಯಿಂದ ಐನಾರ್ ಕೂಗಿದ
(ಎಂಬತ್ತರ ಮುದುಕ, ಕೈಯಲ್ಲಿ ಕಾಫಿ, ಕಾಲಲ್ಲಿ ಮರದ ಮೆಟ್ಟು):
"ಸಮುದ್ರದ ನೀರಿನ ನಲ್ಲಿ ಮುಚ್ಚಿದ್ದೀಯಾ?
ಎಂಜಿನ್ ಉಸಿರು ಬಿಡದೆ ಬರೀ ಸುತ್ತಿದರೆ
ನೀರು ಹೊರಗೆ ಹೋಗುವುದಿಲ್ಲ ಹುಡುಗೀ,
ಹಿಂದಕ್ಕೆ ಬಂದು ಎದೆ ತುಂಬುತ್ತದೆ."
ಹುಡುಗಿಯಂತೆ! ನನಗೆ ಐವತ್ತೆಂಟು.
ನಲ್ಲಿ ಮುಚ್ಚಿದೆ.

ಆಮೇಲೆ ಗಾಳಿ ತೆಗೆಯುವ ಕೆಲಸ.
ಕೈಪಿಡಿಯ ನಲವತ್ತೊಂದನೆಯ ಪುಟದ ಅಂಚಿನಲ್ಲಿ
ಪೆನ್ಸಿಲಿನಲ್ಲಿ ಟೋವೆಯ ಅಕ್ಷರ:
'ಹತ್ತರ ಸ್ಪ್ಯಾನರ್. ತಾಮ್ರದ ಬಿಲ್ಲೆಯನ್ನು ತಳದ ಕೊಚ್ಚೆಗೆ ಬೀಳಿಸಬೇಡ,
ಹೋದ ಸಲ ಬೀಳಿಸಿದವಳು ನೀನೇ.'
ಬೀಳಿಸಲಿಲ್ಲ. ತುಟಿಗಳ ನಡುವೆ ಕಚ್ಚಿ ಹಿಡಿದೆ,
ನಾಣ್ಯದ ರುಚಿ, ಡೀಸೆಲಿನ ಒಗರು.
ಫಿಲ್ಟರಿನ ನೆತ್ತಿಯ ತಿರುಪು ಸಡಿಲಿಸಿ
ಪುಟ್ಟ ಪಂಪನ್ನು ಹೆಬ್ಬೆರಳಲ್ಲಿ ಒತ್ತಿದೆ, ಒತ್ತಿದೆ,
ಮೊದಲು ನೊರೆ, ಆಮೇಲೆ ಗುಳ್ಳೆ, ಆಮೇಲೆ
ಗುಳ್ಳೆಯೇ ಇಲ್ಲದ ತಿಳಿ ಎಣ್ಣೆ.
ಇಲ್ಲಿಯವರೆಗೆ ಸರಿ.
ಇಂಜೆಕ್ಟರಿನ ನಟ್ ಸಡಿಲಿಸಿ ಸುತ್ತಿಸಿದೆ:
ಅಲ್ಲಿ ಒಣ. ಒಂದು ಹನಿಯಿಲ್ಲ.

"ಹೊಗೆ ಬಂತಾ?"
ಇಲ್ಲ.
"ಬಿಳಿಯದೂ ಇಲ್ಲವಾ?"
ಬಿಳಿಯದೂ ಇಲ್ಲ.
"ಹಾಗಾದರೆ ಒಲೆಗೆ ಎಣ್ಣೆಯೇ ಹೋಗುತ್ತಿಲ್ಲ.
ಯಾರೋ ಎಲ್ಲೋ ಬಾಗಿಲು ಹಾಕಿದ್ದಾರೆ."
ಹಾಗೆಂದು ಕಾಫಿ ತುಂಬಿಕೊಳ್ಳಲು ಒಳಗೆ ಹೋದ.

ಮೂರೂವರೆ ಗಂಟೆ. ಮೊಣಕೈವರೆಗೆ ಕಪ್ಪು.
ಹಳೇ ಬಟ್ಟೆಯಲ್ಲಿ ಕೈ ಒರೆಸಿ, ಫೋನು ತೆಗೆದು,
ಅವಳ ಹೆಸರಿನ ಮೇಲೆ ಹೆಬ್ಬೆರಳಿನ ಎಣ್ಣೆಗುರುತು ಮೂಡಿಸಿ
ಮತ್ತೆ ಜೇಬಿಗಿಟ್ಟೆ.
ಏಳಲು ಏನನ್ನಾದರೂ ಹಿಡಿಯಬೇಕಿತ್ತು. ಮೆಟ್ಟಿಲ ಬುಡದಲ್ಲಿ
ಕೈಗೆ ಸಿಕ್ಕಿದ್ದು ಆ ಕೆಂಪು ಗುಂಡಿ,
ಎಂಜಿನ್ ನಿಲ್ಲಿಸುವ ತಂತಿಯದು,
ನಾಲ್ಕು ಬೆರಳಗಲ ಹೊರಗೆ ಚಾಚಿಕೊಂಡೇ ಇದೆ.

ಅಕ್ಟೋಬರಿನ ಆ ಸಂಜೆ
ಅದನ್ನು ಎಳೆದವಳು ಅವಳು.
ನಿಲ್ಲು ಎಂದಳು. ನಿಂತಿತು.
ಬೆನ್ನು ತಿರುಗಿಸಿ ದಕ್ಕೆ ಹತ್ತಿ ಹೋದಳು.
ಚಳಿಗಾಲವಿಡೀ, ತಲೆಯ ಮೇಲೆ ಹಿಮ ಬಿದ್ದಾಗಲೂ
ಇದು ಅವಳ ಮಾತನ್ನೇ ಪಾಲಿಸುತ್ತಿತ್ತು.
ಎಳೆದವಳು ಅವಳು, ಸರಿ.
ಏಳು ತಿಂಗಳು ಪಕ್ಕದಲ್ಲೇ ಓಡಾಡಿಯೂ
ಒಳಗೆ ತಳ್ಳದವಳು ನಾನು.

ತಳ್ಳಿದೆ. ನಟ್ ಬಿಗಿದೆ. ಕೀಲಿ.
ಒಂದು ಕೆಮ್ಮು. ಕೊಳಕು ಬಿಳಿ ಹೊಗೆ. ಇನ್ನೊಂದು ಕೆಮ್ಮು.
ಆಮೇಲೆ ಇಡೀ ದೋಣಿ ತಟ್ಟೆ ಲೋಟ ಸಮೇತ
ನಡುಗತೊಡಗಿತು. ಐನಾರ್ ಓಡಿ ಬಂದು
"ನೀರು, ನೀರು!" ಎಂದು ಕಿರುಚಿದ.
ಅಯ್ಯೋ, ಮುಚ್ಚಿದ ನಲ್ಲಿ! ಮೊಣಕಾಲೂರಿ ತಿರುಗಿಸಿದೆ.
ಹಿಂಬದಿಯ ಕೊಳವೆ ಉಗುಳಿತು, ತಡೆದು, ಮತ್ತೆ ಉಗುಳಿತು.

ಕೈಪಿಡಿಯ ಅಂಚಿನಲ್ಲಿ, ಅವಳ ಸಾಲಿನ ಕೆಳಗೆ
ಬರೆದೆ: 'ಬೀಳಿಸಲಿಲ್ಲ.'
ಸ್ವಲ್ಪ ಯೋಚಿಸಿ: 'ಹೋಗುವಾಗ ಕೆಂಪು ಗುಂಡಿ ಒಳಗೆ ತಳ್ಳು.'
ಇದನ್ನು ಓದಬೇಕಾದರೆ ಅವಳು ಇಲ್ಲಿಗೇ ಬರಬೇಕು.

"ಕೆಲಸ ಆಯಿತಲ್ಲ, ನಿಲ್ಲಿಸು ಮಾರಾಯ್ತಿ,
ಒಂದು ಕೋಳಿನಿದ್ದೆ ಮಾಡಬೇಕು ನಾನು" ಎಂದ ಐನಾರ್.
ಇನ್ನೈದು ನಿಮಿಷ ಎಂದೆ.